ಫೋಟೋಗೆ ಬ್ರಶ್ ತಾಗಿದ ಮೇಲೆ

ನನ್ನ ಸ್ಟುಡಿಯೋದಲ್ಲಿ ಒಂದು ತಿಂಗಳು ಯಾವ ರಂಪವೂ ಇಲ್ಲದೆ ಕಳೆದುಹೋದರೆ ನನಗೇ ಎದೆ ಡವಡವ ಅನ್ನುತ್ತದೆ. ಏನೋ ದೊಡ್ಡದೇ ಬರುತ್ತಿದೆ ಅಂತ ಅರ್ಥ. ಇಲ್ಲಿಯವರೆಗೆ ಒಂದು ಸಲವೂ ಆ ಲೆಕ್ಕ ತಪ್ಪಿಲ್ಲ.

ಕೋಲಾರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಫೋಟೋ ತೆಗೆಸಿಕೊಳ್ಳೋಕೆ ಬರುವವರು ಕಡಿಮೆಯಾದರು. ಆಗ ನಾನು ಹಿಡಿದದ್ದು ಫೋಟೋವನ್ನು ಪೇಂಟಿಂಗ್ ಥರ ಮಾಡಿಕೊಡುವ ಕೆಲಸ. ಕಂಪ್ಯೂಟರಿನಲ್ಲಿ ಫೋಟೋದ ಮೇಲೆ ಬ್ರಶ್ ಆಡಿಸಿದ ಹಾಗೆ ಗೆರೆ ಎಬ್ಬಿಸುತ್ತೇನೆ. ಅದನ್ನು ಕ್ಯಾನ್ವಾಸ್ ಬಟ್ಟೆಯ ಮೇಲೆ ಪ್ರಿಂಟ್ ಹಾಕುತ್ತೇನೆ. ಕೊನೆಗೆ ಬಣ್ಣವಿಲ್ಲದ ಒಂದು ಜೆಲ್ಲನ್ನು ನಿಜವಾದ ಬ್ರಶ್ಶಿನಿಂದ ಮೇಲೆ ಬಳಿಯುತ್ತೇನೆ. ಒಣಗಿದ ಮೇಲೆ ಕೈಯಾಡಿಸಿದರೆ ಉಬ್ಬುತಗ್ಗು ಸಿಗುತ್ತದೆ, ಯಾರೋ ಕೂತು ಬರೆದ ಹಾಗೇ ಕಾಣುತ್ತದೆ. ಫ್ರೇಮ್ ಹಾಕುವುದು ಪಕ್ಕದ ಅಂಗಡಿಯ ಭಾಯ್. ತಾತನ ಕಾಲದಿಂದ ಅವರದು ಅದೇ ಕೆಲಸ.

"ಮೇಡಂ, ಇದ್ದ ಮುಖ ಇದ್ದಂಗೇ ಕೊಟ್ರೆ ಯಾರೂ ಬರಲ್ಲ ಜಗಳಕ್ಕೆ," ಅಂತ ಭಾಯ್ ಆಗಾಗ ಹೇಳುತ್ತಿರುತ್ತಾರೆ. "ನೀವು ಖೂಬ್‌ಸೂರತ್ ಮಾಡ್ತೀರಲ್ಲ, ಅಲ್ಲೇ ಇರೋದು ಲಫಡಾ."

ಹಣ್ಣಿಗೆ ಬಂದ ರೋಗ

ಶ್ರೀನಿವಾಸಪುರದ ಒಬ್ಬ ಮಾವಿನ ಮಂಡಿ ಸಾಹುಕಾರರು ಸೀಸನ್ ಶುರುವಾಗುವ ಮುಂಚೆ ಬಂದರು. ಮಂಡಿಯ ಮುಂದೆ ದೊಡ್ಡದೊಂದು ಬೋರ್ಡ್ ಬೇಕು. ಅದರಲ್ಲಿ ಅವರದೇ ತೋಟದ ಬಾದಾಮಿ ಹಣ್ಣಿನ ಫೋಟೋ. "ಫ್ಲೆಕ್ಸ್ ಎಲ್ಲಾ ಮಂಡಿಗೂ ಐತೆ ಕಣಮ್ಮಾ. ನಂದು ರಾಜರ ಅರಮನೇಲಿ ಇರೋ ಚಿತ್ರದ ಥರ ಇರ್ಬೇಕು," ಅಂದರು.

ನಾನು ಮನಸ್ಸಿಟ್ಟು ಮಾಡಿದೆ. ಹಣ್ಣಿನ ಹಳದಿ ಮೇಲೆ ಕಂದು, ಕಪ್ಪು ಗೆರೆಗಳನ್ನು ಸಣ್ಣಸಣ್ಣದಾಗಿ ಎಳೆದು, ನೆರಳು ಕೊಟ್ಟು, ಹಳೇ ತೈಲಚಿತ್ರದ ಕಳೆ ತಂದೆ. ಹತ್ತಿರ ನಿಂತು ನೋಡಿದರೆ ಒಂದೊಂದು ಬ್ರಶ್ ಗುರುತೂ ಲೆಕ್ಕಕ್ಕೆ ಸಿಗುವ ಹಾಗಿತ್ತು. ಸಾಹುಕಾರರಿಗೂ ಬಹಳ ಹಿಡಿಸಿತು. ಟೆಂಪೋದಲ್ಲಿ ಹೊದಿಕೆ ಹೊದಿಸಿಕೊಂಡು ತೆಗೆದುಕೊಂಡು ಹೋದರು.

ಒಂದು ವಾರ ಆಗಿರಬೇಕು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಮುದ್ದೆ ಮುರಿಯುತ್ತಿದ್ದೇನೆ, ಸಾಹುಕಾರರ ಬೈಕು ನೇರವಾಗಿ ಮೆಟ್ಟಿಲಿಗೇ ಬಂದು ನಿಂತಿತು. ಮುಖ ಕೆಂಪಗಾಗಿತ್ತು. ಹಿಂದೆ ಕೂತಿದ್ದ ಇಬ್ಬರು ಹಮಾಲಿಗಳು ಇಳಿದು ಬಾಗಿಲಿಗೆ ಅಡ್ಡ ನಿಂತರು.

"ಏಮ್ಮಾ, ನನ್ನ ಮಂಡಿ ಮುಚ್ಚಿಸ್ಬೇಕು ಅಂತ ಯಾರು ಹೇಳ್ಕೊಟ್ರು ನಿಂಗೆ?"

ನನ್ನ ಕೈಯಲ್ಲಿದ್ದ ಮುದ್ದೆ ಕೈಯಲ್ಲೇ ಉಳಿಯಿತು. "ಏನಾಯ್ತು ಸಾಹುಕಾರ್ರೇ?"

"ಏನಾಯ್ತಾ? ಹೊರಗಿಂದ ಬರೋ ವ್ಯಾಪಾರಿಗಳು ಬೋರ್ಡ್ ಮುಂದೆ ಲಾರಿ ನಿಲ್ಲಿಸ್ತಾರೆ, ತಲೆ ಎತ್ತಿ ನೋಡ್ತಾರೆ, ಪಿಸಪಿಸ ಅಂತಾರೆ, ಮುಂದಿನ ಮಂಡಿಗೆ ಹೋಗ್ತಾರೆ! ನಿನ್ನೆ ಒಬ್ಬನ್ನ ಹಿಡ್ಕೊಂಡು ಕೇಳಿದೆ. ಅವನಂದ, 'ನಿಮ್ಮ ಬೋರ್ಡಲ್ಲೇ ಹಣ್ಣಿಗೆ ಊಜಿ ನೊಣ ಹೊಡೆದಿದೆ, ಒಳಗಿರೋದು ಹೆಂಗಿರುತ್ತೋ' ಅಂತ! ನೀನು ಎಳೆದಿದ್ದೀಯಲ್ಲ ಗೆರೆ, ದೂರದಿಂದ ನೋಡಿದ್ರೆ ಕಪ್ಪು ಚುಕ್ಕೆ ರೋಗದ ಥರಾನೇ ಕಾಣುತ್ತಂತೆ!"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಗೋಡೆಯ ಮೇಲೆ ನೆರಳಾಗಿ ಕಾಣುವುದು ಮಂಡಿಯ ಮುಂದೆ ಬಿಸಿಲಲ್ಲಿ ರೋಗವಾಗಿತ್ತು. ಸೀಸನ್ನಿನಲ್ಲಿ ಮಂಡಿಯವರ ಒಂದು ದಿನ ಅಂದರೆ ನಮ್ಮ ಒಂದು ವರ್ಷ. ಸದ್ದು ಕೇಳಿ ಭಾಯ್ ಸುತ್ತಿಗೆ ಸಮೇತ ಬಂದರು. ಅದನ್ನು ನೋಡಿ ಹಮಾಲಿಗಳು ತೋಳೇರಿಸಿದರು. ಭಾಯ್ ತಕ್ಷಣ ಸುತ್ತಿಗೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ಮೊಳೆ ಹೊಡೀತಿದ್ದೆ ಸಾಹೇಬ್ರೇ, ಮೊಳೆ!" ಅಂದರು.

"ಇವತ್ತೇ ಹೊಸದು ಮಾಡಿಕೊಡ್ತೀನಿ," ಅಂದೆ ನಾನು. "ಒಂದು ಗೆರೆ ಇರಲ್ಲ. ಮಗುವಿನ ಕೆನ್ನೆ ಥರ ಇರುತ್ತೆ ಹಣ್ಣು. ಇದಕ್ಕೆ ಏನೂ ಕೊಡ್ಬೇಡಿ."

ಸಾಹುಕಾರರು ಕುರ್ಚಿ ಎಳೆದು ಕೂತರು. ಕೆಲಸ ಮುಗಿಯುವವರೆಗೂ ಏಳಲಿಲ್ಲ. ನಾನು ಮೌಸ್ ಒತ್ತಿದಾಗೆಲ್ಲ ಅವರ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಸಂಜೆಗೆ ಹೊಸ ಹಣ್ಣು ತಯಾರಾಯಿತು, ನುಣ್ಣಗೆ, ಚಿನ್ನದ ಹಾಗೆ. ನೋಡಿ ತಲೆಯಾಡಿಸಿದರು. ಹಮಾಲಿಗಳನ್ನು ಬೋರ್ಡ್ ಜೊತೆ ಹೊರಗೆ ಕಳಿಸಿದರು. ಬಾಗಿಲು ಸ್ವಲ್ಪ ಮುಂದೆ ಮಾಡಿದರು. ಈಗ ಏನು ಕಾದಿದೆಯೋ ಅಂತ ನಾನು ಮೇಜು ಗಟ್ಟಿಯಾಗಿ ಹಿಡಿದುಕೊಂಡೆ.

ಸಾಹುಕಾರರು ದನಿ ತಗ್ಗಿಸಿ ಕೇಳಿದರು: "ಎದುರು ಮಂಡಿಯವನಿಗೆ ನಾನೇ ಒಂದು ಬೋರ್ಡ್ ಉಡುಗೊರೆ ಕೊಡೋಣ ಅಂತಿದ್ದೀನಿ. ಆ ಮೊದಲನೇ ಡಿಸೈನ್ ಇನ್ನೂ ಇಟ್ಟಿದ್ದೀಯಾ ತಾನೇ?"

ಅಜ್ಜಿಯ ಮಚ್ಚೆ

ದೇವರಾಯಸಮುದ್ರದ ಕಡೆಯ ಒಬ್ಬ ರೈತ ತನ್ನ ತಾಯಿಯ ಫೋಟೋ ಮೊಬೈಲಿನಲ್ಲಿ ಕಳಿಸಿದ್ದ. ತಾಯಿ ಗಟ್ಟಿಮುಟ್ಟಾಗಿದ್ದಾರೆ, ಸುಮ್ಮನೆ ಹಾಲ್‌ನಲ್ಲಿ ಒಂದು ಚಂದದ ಪೇಂಟಿಂಗ್ ಇರಲಿ ಅಂತ. ಅದು ಬಹಳ ಹಳೇ ಫೋಟೋವನ್ನು ಮೊಬೈಲಿನಲ್ಲಿ ಹೊಡೆದದ್ದು. ಪೂರ್ತಿ ಧೂಳಿನ ಚುಕ್ಕೆ. ಪೇಂಟಿಂಗ್ ಥರ ಮಾಡುವಾಗ ಕಂಪ್ಯೂಟರ್ ಆ ಚುಕ್ಕೆಗಳನ್ನೆಲ್ಲ ತಾನೇ ನುಂಗಿ ಹಾಕಿತು. ಅಜ್ಜಿಯ ಮುಖ ಬೆಣ್ಣೆಯ ಹಾಗಾಯಿತು. ಮಗ ಖುಷಿಯಿಂದ ತೆಗೆದುಕೊಂಡು ಹೋದ.

ಆಮೇಲೆ ಒಂದು ಬೆಳಿಗ್ಗೆ ನಾನು ಷಟರ್ ಎತ್ತುವ ಮುಂಚೆಯೇ ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದರು. ಮೊದಲ ಬಸ್ಸಿಗೇ ಬಂದಿದ್ದರಂತೆ. ತೊಡೆಯ ಮೇಲೆ ಸೀರೆಯಲ್ಲಿ ಸುತ್ತಿದ ಚಿತ್ರ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನೇನಾ ನನ್ನ ಮಚ್ಚೆ ತೆಗೆದೋಳು?"

"ಯಾವ ಮಚ್ಚೆ ಅಜ್ಜಿ?"

ಅವರು ಗಲ್ಲದ ಎಡಗಡೆ ಬೆರಳಿಟ್ಟರು. ಅಲ್ಲಿ ಕಡಲೆಕಾಳಿನಷ್ಟು ದಪ್ಪದ ಮಚ್ಚೆ. ಚಿತ್ರದಲ್ಲಿ ಆ ಜಾಗ ನುಣ್ಣಗಿತ್ತು.

"ನಾನು ಆ ಮನೆಗೆ ಸೊಸೆಯಾಗಿ ಬಂದಾಗ ನಮ್ಮತ್ತೆ ಎಲ್ಲಾರ ಮುಂದೆ ಹೇಳಿದ್ರು, 'ಇವಳ ಗಲ್ಲದಲ್ಲಿ ಲಕ್ಷ್ಮಿ ಕೂತವ್ಳೆ' ಅಂತ. ಅವತ್ತಿಂದ ಮನೆಗೆ ಒಂದು ಕೊರತೆ ಬಂದಿಲ್ಲ. ಈ ಪಟ ಗೋಡೆಗೆ ಏರಿದ ಮಾರನೇ ದಿನ ಬೋರ್‌ವೆಲ್ ಮೋಟಾರ್ ಸುಟ್ಟೋಯ್ತು. ಆಮೇಲೆ ಸೀಮೆಹಸು ಹಾಲು ಕಮ್ಮಿ ಮಾಡ್ತು. ಮೊನ್ನೆ ನನ್ನ ಮಗ ಒಣಗಿದ ನೆಲದಲ್ಲಿ ಜಾರಿ ಬಿದ್ದ! ಒಣಗಿದ ನೆಲದಲ್ಲಿ ಯಾರಾದ್ರೂ ಜಾರ್ತಾರೇನಮ್ಮಾ?"

ನನಗೆ ನಗು ಬರಲಿಲ್ಲ. ಅವರ ಕಣ್ಣಲ್ಲಿ ನಿಜವಾದ ಹೆದರಿಕೆ ಇತ್ತು. ಮಗನಿಗೆ ಇನ್ನೇನಾದರೂ ಆದರೆ ಅನ್ನುವ ಭಯ ಅದು. ಅಷ್ಟು ಹೊತ್ತಿಗೆ ಅಜ್ಜಿಯನ್ನು ಹುಡುಕಿಕೊಂಡು ಮಗನೂ ಬಂದ, ಮೊಣಕೈಗೆ ಬ್ಯಾಂಡೇಜು. "ಅಮ್ಮಾ, ಹೇಳದೆ ಕೇಳದೆ ಬಸ್ ಹತ್ತಿದ್ಯಲ್ಲ, ಊರೆಲ್ಲಾ ಹುಡುಕಿದ್ವಿ!" ಅಂತ ಅವನ ಕೂಗು. "ನೀನು ಮೊದ್ಲು ಕೂತ್ಕೋ, ಬೀಳ್ತೀಯ," ಅಂತ ಅಜ್ಜಿಯ ಕೂಗು.

ಚಿತ್ರಕ್ಕೆ ಸುತ್ತಿದ ಸೀರೆ ಬಿಚ್ಚಿದೆ. ಕಂಪ್ಯೂಟರಿನ ಕಡೆ ಹೋಗಲೇ ಇಲ್ಲ. ನಿಜವಾದ ಬಣ್ಣ ಕಲಸಿದೆ, ಸಣ್ಣ ಬ್ರಶ್ ತೆಗೆದೆ. ಅಜ್ಜಿ ಎದುರಿಗೆ ಕೂತು ಗಲ್ಲ ಮುಂದೆ ಚಾಚಿದರು. ಒಂದು ಕೂದಲಷ್ಟು ಆಚೆ ಈಚೆ ಆದರೂ ಆ ಮನೆಯಲ್ಲಿ ಇನ್ನೇನು ಸುಡುತ್ತದೋ ಅಂತ ಗಲ್ಲವನ್ನೂ ಚಿತ್ರವನ್ನೂ ಎರಡೆರಡು ಸಲ ನೋಡಿಕೊಂಡೆ. ಮಗ ಉಸಿರು ಬಿಗಿಹಿಡಿದ. ಮೆಲ್ಲಗೆ ಚುಕ್ಕೆ ಇಟ್ಟೆ.

ಅಜ್ಜಿ ಬಗ್ಗಿ ನೋಡಿದರು. ಮತ್ತೆ ಹಿಂದೆ ಸರಿದು ನೋಡಿದರು. ಮುಖ ಅರಳಿತು.

"ಸರಿಯಾಗೈತೆ," ಅಂದರು. ಆಮೇಲೆ ಮಗನ ಕಡೆ ತಿರುಗಿ ನೋಡಿ ನನ್ನ ಕಿವಿಯ ಹತ್ತಿರ ಬಂದರು: "ಇನ್ನೊಂಚೂರು ದಪ್ಪ ಮಾಡು ತಾಯಿ. ಮೋಟಾರ್ ರಿಪೇರಿ ಖರ್ಚೂ ವಾಪಸ್ ಬರ್ಬೇಕಲ್ಲ."

ದರ್ಜಿಯ ಚಿನ್ನದ ಸರ

ಮಾಲೂರಿನ ಒಬ್ಬ ದರ್ಜಿಯ ಹೆಂಡತಿ ಗಂಡನಿಗೆ ಗೊತ್ತಾಗದ ಹಾಗೆ ಅವನ ಫೋಟೋ ಕೊಟ್ಟು, ಅಂಗಡಿಯಲ್ಲಿ ಹಾಕೋಕೆ ಪೇಂಟಿಂಗ್ ಮಾಡಿಸಿದ್ದಳು. ನಾನು ಹಿನ್ನೆಲೆಗೆ ಗಾಢ ಕಂದು ಕೊಟ್ಟು, ಕಿಟಕಿಯಿಂದ ಬೆಳಕು ಬಿದ್ದ ಹಾಗೆ ಮುಖಕ್ಕೆ, ಎದೆಗೆ ಹೊಂಬಣ್ಣ ಹರಿಸಿದ್ದೆ. ದರ್ಜಿ ಹಳೇ ಕಾಲದ ಜಮೀನ್ದಾರನ ಹಾಗೆ ಕಾಣುತ್ತಿದ್ದ.

ಕೆಲವು ದಿನಗಳ ನಂತರ ನನ್ನ ಸ್ಟುಡಿಯೋ ಮುಂದೆ ಒಂದು ಆಟೋ ನಿಂತಿತು. ದರ್ಜಿ, ಅವನ ಹೆಂಡತಿ, ದರ್ಜಿಯ ಅಣ್ಣ, ಊರಿನ ಹಿರಿಯರೊಬ್ಬರು, ಕೊನೆಗೆ ಅಣ್ಣತಮ್ಮಂದಿರ ತಾಯಿ, ಎಲ್ಲರೂ ಅದರಲ್ಲೇ ಬಂದಿದ್ದರು. ಇಳಿದದ್ದು ಮಾತ್ರ ಎರಡು ಗುಂಪಾಗಿ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ದರ್ಜಿಯ ಹೆಂಡತಿ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು.

ಅಣ್ಣ ಪೇಂಟಿಂಗನ್ನು ನನ್ನ ಮೇಜಿನ ಮೇಲೆ ಧೊಪ್ಪೆಂದು ಇಟ್ಟ. "ಇದು ನೀವು ಮಾಡಿದ್ದಾ?"

"ಹೌದು."

"ಇವನ ಕತ್ತಲ್ಲಿ ಏನೈತೆ, ನೀವೇ ಹೇಳಿ."

ನೋಡಿದೆ. ದರ್ಜಿಯ ಕತ್ತಿನಿಂದ ಎದೆಯವರೆಗೆ ದಪ್ಪನಾಗಿ, ಹಳದಿಯಾಗಿ, ಮಿರಮಿರ ಮಿಂಚುವ ಏನೋ ಇಳಿಬಿದ್ದಿತ್ತು. ನನ್ನದೇ ಕೆಲಸವಾದರೂ ಅದೇನು ಅಂತ ತಕ್ಷಣ ಹೊಳೆಯಲಿಲ್ಲ. ನೋಡಿದವರು ಯಾರೇ ಆದರೂ ಚಿನ್ನದ ಸರ ಅನ್ನಬೇಕು, ಹಾಗಿತ್ತು.

"ನಮ್ಮಮ್ಮಂಗೆ ಒಂದು ಸರ ಇತ್ತು," ಅಂದ ಅಣ್ಣ. "ನಾನು ಸಣ್ಣವನಿದ್ದಾಗ ನೋಡಿದ್ದೀನಿ. ಆಮೇಲೆ ಎಲ್ಲಿ ಹೋಯ್ತೋ ಯಾರಿಗೂ ಗೊತ್ತಿಲ್ಲ. ಈಗ ಗೊತ್ತಾಯ್ತು! ಕದ್ದು ಹಾಕ್ಕೊಂಡು, ಫೋಟೋ ತೆಗೆಸ್ಕೊಂಡು, ಅಂಗಡೀಲಿ ಬೇರೆ ನೇತಾಕವ್ನೆ!"

"ನನ್ನಾಣೆಗೂ ಅಣ್ಣಾ, ಆ ಸರ ನಾನು ಕಣ್ಣಲ್ಲೂ ನೋಡಿಲ್ಲ," ಅಂದ ದರ್ಜಿ. ಊರಲ್ಲಿ ಅವನ ಅಂಗಡಿಗೆ ಬಟ್ಟೆ ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದಾರಂತೆ. ತಾಯಿಯ ಒಡವೆ ಕದ್ದವನಿಗೆ ಬ್ಲೌಸ್ ಪೀಸ್ ಕೊಡುವುದಾದರೂ ಹೇಗೆ?

ಹಿರಿಯರು ನನ್ನ ಕಡೆ ತಿರುಗಿದರು. "ನಿಮ್ಮ ಒಂದು ಮಾತಿನ ಮೇಲೆ ಎರಡು ಮನೆ ನಿಂತಿದೆ ಕಣಮ್ಮಾ. ಮೂಲ ಫೋಟೋ ಇದ್ರೆ ತೋರಿಸಿ. ಇಲ್ಲಾಂದ್ರೆ ಇವರು ಇಲ್ಲಿಂದ ನೇರ ಸ್ಟೇಷನ್ನಿಗೆ ಹೋಗೋದು."

ಕಂಪ್ಯೂಟರ್ ಹಚ್ಚಿದೆ. ಅದಕ್ಕೆ ಅವತ್ತೇ ಅಪ್‌ಡೇಟ್ ಆಗಬೇಕಿತ್ತು. ಪರದೆಯ ಮೇಲೆ ಬಿಳಿ ಚಕ್ರ ತಿರುಗುತ್ತಲೇ ಇತ್ತು. ಅಷ್ಟೂ ಜನ ನನ್ನ ಬೆನ್ನ ಹಿಂದೆ ನಿಂತು ಆ ಚಕ್ರವನ್ನೇ ನೋಡುತ್ತಿದ್ದರು. ಅಣ್ಣತಮ್ಮಂದಿರ ಉಸಿರು ಜೋರಾಗುತ್ತಾ ಬಂತು. ಭಾಯ್ ಎಲ್ಲರಿಗೂ ಟೀ ತರಿಸಿದರೆ ಯಾರೂ ಮುಟ್ಟಲಿಲ್ಲ. ತಾಯಿ ಒಬ್ಬರೇ ಬೆಂಚಿನ ಮೇಲೆ ಕೂತು ನಿಧಾನವಾಗಿ ಕುಡಿಯುತ್ತಿದ್ದರು. ಅವರಿಗೆ ಕಿವಿ ಸ್ವಲ್ಪ ಮಂದ, ಇಷ್ಟೆಲ್ಲ ಯಾಕೆ ನಡೆಯುತ್ತಿದೆ ಅಂತ ಪೂರ್ತಿ ಗೊತ್ತಾಗಿದ್ದ ಹಾಗೆ ಕಾಣಲಿಲ್ಲ.

ಕೊನೆಗೂ ಫೋಟೋ ತೆರೆಯಿತು. ದರ್ಜಿ ಹೊಲಿಗೆ ಯಂತ್ರದ ಮುಂದೆ ನಿಂತಿದ್ದಾನೆ. ಕತ್ತಿನಲ್ಲಿ ಅಳತೆಯ ಟೇಪು. ಹಳದಿ ಬಣ್ಣದ ಟೇಪು.

ನಾನು ದೊಡ್ಡದು ಮಾಡಿ ತೋರಿಸಿದೆ. ಟೇಪಿನ ಮೇಲಿನ ಅಂಕಿಗಳು ಸ್ಪಷ್ಟವಾಗಿ ಕಂಡವು. ಆ ಅಂಕಿಗಳೇ ನನ್ನ ಬ್ರಶ್ಶಿಗೆ ಸಿಕ್ಕಿ ಸರದ ಕೊಂಡಿಗಳಾಗಿದ್ದವು. ದರ್ಜಿಯ ಹೆಂಡತಿ ಅಲ್ಲೇ ಕುಸಿದು ಕೂತು ಜೋರಾಗಿ ಅತ್ತಳು, ಈ ಸಲ ಹಗುರಾಗಿ.

ಅಣ್ಣ ಮಾತ್ರ ಬಿಡಲಿಲ್ಲ. "ಸರಿ, ಇದು ಟೇಪೇ ಇರ್ಬೋದು. ಹಾಗಾದ್ರೆ ಅಮ್ಮನ ಸರ ಎಲ್ಲೋಯ್ತು?" ಅಂತ ಕಿರುಚಿದ.

ಆ ಕಿರುಚು ತಾಯಿಯ ಕಿವಿಗೂ ಬಿತ್ತು. ಟೀ ಲೋಟ ಕೆಳಗಿಟ್ಟರು. "ಆ ಸರಾನಾ? ಇದಕ್ಕಾ ಇಷ್ಟು ದೂರ ಕರ್ಕೊಂಡು ಬಂದ್ರಿ? ಅದನ್ನ ಮಾರಿ ತಾನೇ ನಿನ್ನ ಮದುವೆಗೆ ಬ್ಯಾಂಡ್‌ಸೆಟ್ ತರಿಸಿದ್ದು! ಮೆರವಣಿಗೇಲಿ ಅಷ್ಟೊತ್ತು ಕುಣಿದ್ಯಲ್ಲೋ, ಕುಣಿದಿದ್ದೇ ಆ ಸರದ ಮೇಲೆ."

ಬೀಗಿತ್ತಿಯ ಚಿತ್ರ

ಇದನ್ನು ಹೇಳುವಾಗ ಈಗಲೂ ನನ್ನ ಅಂಗೈ ಬೆವರುತ್ತದೆ.

ಮುಳಬಾಗಿಲಿನಲ್ಲಿ ಒಬ್ಬರು ನಿವೃತ್ತ ಗುಮಾಸ್ತರಿದ್ದಾರೆ. ಬಹಳ ಸಾಧು ಮನುಷ್ಯ. ಕೆರೆ, ಬೆಟ್ಟ, ಹಳೇ ಮಠದ ಬಾಗಿಲು, ಹೀಗೆ ಮೊಬೈಲಿನಲ್ಲಿ ಫೋಟೋ ತೆಗೆದು ನನ್ನ ಹತ್ತಿರ ಪೇಂಟಿಂಗ್ ಥರ ಮಾಡಿಸಿಕೊಂಡು ಹೋಗುತ್ತಿದ್ದರು. ಮನೆಯ ಗೋಡೆಗಾಗಿ ಇರಬೇಕು ಅಂದುಕೊಂಡಿದ್ದೆ. ಒಂದು ದಿನ ಬಂದವರು ಕೂರಲೂ ಇಲ್ಲ. ಶರ್ಟು ಬೆನ್ನಿಗೆ ಅಂಟಿತ್ತು.

"ಮೇಡಂ, ನೀವೇ ಕಾಪಾಡ್ಬೇಕು."

ವಿಷಯ ಏನಪ್ಪಾ ಅಂದರೆ, ಆ ಚಿತ್ರಗಳ ಮೂಲೆಯಲ್ಲೆಲ್ಲ ಇವರು ತಮ್ಮ ಸಹಿ ಹಾಕಿಕೊಂಡಿದ್ದರು. ರಿಟೈರ್ ಆದ ಮೇಲೆ ಚಿತ್ರಕಲೆ ಶುರುಮಾಡಿದ್ದೀನಿ ಅಂತ ನೆಂಟರಿಗೆಲ್ಲ ಹೇಳಿದ್ದರು. ಈಗ ಮಗಳಿಗೆ ಒಳ್ಳೇ ಸಂಬಂಧ ಗೊತ್ತಾಗಿದೆ. ಹುಡುಗನ ತಾಯಿ ರಿಟೈರ್ಡ್ ಹೆಡ್ ಮಿಸ್, ತುಂಬಾ ಕಟ್ಟುನಿಟ್ಟು. ಹೆಣ್ಣು ನೋಡಲು ಬಂದಾಗ ಗೋಡೆ ನೋಡಿ ಬೆರಗಾಗಿ, "ಬೀಗರೇ, ನಿಶ್ಚಿತಾರ್ಥದ ದಿನ ನನ್ನ ಚಿತ್ರ ಬರೆದುಕೊಡಿ. ನಾನು ಎದುರಿಗೇ ಕೂರ್ತೀನಿ," ಅಂದಿದ್ದಾರೆ. ಇವರು ಉಬ್ಬಿಹೋಗಿ "ಅದಕ್ಕೇನಂತೆ" ಅಂದುಬಿಟ್ಟಿದ್ದಾರೆ.

"ನಿಜ ಹೇಳಿಬಿಡಿ," ಅಂದೆ.

"ಹೇಳಬಹುದಿತ್ತು. ಆದ್ರೆ ಆಯಮ್ಮ ಹೋಗೋವಾಗ ಒಂದು ಮಾತು ಹೇಳಿ ಹೋಗಿದ್ದಾರೆ. 'ನಮಗೆ ವರದಕ್ಷಿಣೆ, ಒಡವೆ ಏನೂ ಬೇಡ. ಸುಳ್ಳು ಹೇಳದ ಮನೆ ಸಿಕ್ಕಿದ್ರೆ ಸಾಕು' ಅಂತ." ಅವರ ದನಿ ಸಣ್ಣಗಾಯಿತು. "ಮಗಳಿಗೆ ಹುಡುಗ ತುಂಬಾ ಇಷ್ಟ ಆಗಿದ್ದಾನೆ ಮೇಡಂ."

ಆ ಕೊನೆಯ ಮಾತಿಗೆ ನಾನು ಸಿಕ್ಕಿಬಿದ್ದೆ.

ನಿಶ್ಚಿತಾರ್ಥದ ದಿನ ಬೆಳಿಗ್ಗೆ ಭಾಯ್ ಮತ್ತು ನಾನು ಲ್ಯಾಪ್‌ಟಾಪು, ಚಿಕ್ಕ ಪ್ರಿಂಟರು, ಜೆಲ್ಲು ಎಲ್ಲ ಹೊತ್ತುಕೊಂಡು ಹಿತ್ತಲ ಬಾಗಿಲಿನಿಂದ ಅವರ ಸ್ಟೋರ್ ರೂಮ್ ಸೇರಿದೆವು. ಅಕ್ಕಿ ಮೂಟೆ ನನ್ನ ಕುರ್ಚಿ, ಎಣ್ಣೆ ಡಬ್ಬ ಮೇಜು. ಗಂಡಿನ ಕಡೆಯವರು ಬಂದು ಕಾಫಿ ಕುಡಿಯುವಾಗ ಗುಮಾಸ್ತರ ಹೆಂಡತಿ ಬೀಗಿತ್ತಿಯ ಒಂದು ಫೋಟೋ ಹೊಡೆದು ನನ್ನ ಮೊಬೈಲಿಗೆ ಕಳಿಸಿದರು. ಹಸಿರು ಸೀರೆ, ನೆಟ್ಟಗಿನ ಬೆನ್ನು, ಗಂಭೀರ ಮುಖ. ಕೆಲಸ ಶುರುಮಾಡಿದೆ.

ಹೊರಗೆ ಹಾಲ್‌ನಲ್ಲಿ ಗುಮಾಸ್ತರು ಸ್ಟ್ಯಾಂಡಿನ ಮೇಲೆ ಬಿಳಿ ಕ್ಯಾನ್ವಾಸ್ ಇಟ್ಟುಕೊಂಡು, ಅದರ ಬೆನ್ನು ಜನರ ಕಡೆ ಇರುವ ಹಾಗೆ ತಿರುಗಿಸಿ ಕೂತರು. ಒಂದು ಕಣ್ಣು ಮುಚ್ಚುವುದು, ಹೆಬ್ಬೆರಳು ಎತ್ತಿ ಅಳೆಯುವುದು, ಬ್ರಶ್ ಅದ್ದುವುದು. ಬಾಗಿಲ ಸಂದಿಯಿಂದ ಭಾಯ್ ನನಗೆ ವರದಿ ಕೊಡುತ್ತಿದ್ದರು. "ಆ್ಯಕ್ಟಿಂಗ್ ಜಬರ್ದಸ್ತ್ ಐತೆ ಮೇಡಂ. ಜನ ಉಸಿರಾಡ್ತಾ ಇಲ್ಲ."

ನಾನು ಪ್ರಿಂಟ್ ಕೊಡುವಷ್ಟರಲ್ಲಿ ಗುಮಾಸ್ತರ ಹೆಂಡತಿ ಒಳಗೆ ನುಗ್ಗಿದರು. ಮುಖದಲ್ಲಿ ರಕ್ತವಿರಲಿಲ್ಲ. "ಸೀರೆ! ಮಧ್ಯದಲ್ಲಿ ಎದ್ದು ಹೋಗಿ ಪೂಜೆಗೆ ಅಂತ ಸೀರೆ ಬದಲಾಯಿಸಿಬಿಟ್ಟಿದ್ದಾರೆ! ಕೆಂಪು ರೇಷ್ಮೆ!"

ಹಸಿರನ್ನು ಕೆಂಪು ಮಾಡಿದೆ. ಅಂಚಿಗೆ ಜರಿ ಹಾಕಿದೆ. ಮತ್ತೆ ಪ್ರಿಂಟ್ ಕೊಟ್ಟೆ. ಪ್ರಿಂಟರ್ ಕ್ಯಾನ್ವಾಸನ್ನು ಅರ್ಧ ನುಂಗಿ, ಕರಕರ ಅಂತ ಒಂದು ಸದ್ದು ಮಾಡಿ ನಿಂತಿತು. ಆ ಸದ್ದು ಹೊರಗೆ ಕೇಳಬಾರದು ಅಂತ ಭಾಯ್ ತಮ್ಮ ಶರ್ಟ್ ಬಿಚ್ಚಿ ಪ್ರಿಂಟರಿಗೆ ಹೊದಿಸಿದರು. ಗುಮಾಸ್ತರ ಹೆಂಡತಿ ಅಡುಗೆಮನೆಗೆ ಓಡಿ ಸುಮ್ಮಸುಮ್ಮನೆ ಮಿಕ್ಸಿ ಹಾಕಿದರು. ನಾನು ಎಲ್ಲಾ ದೇವರನ್ನೂ ನೆನೆಯುತ್ತಾ ಬಟ್ಟೆಯನ್ನು ಇಂಚಿಂಚೇ ಹೊರಗೆಳೆದೆ. ಹರಿಯಲಿಲ್ಲ. ಮೂರನೇ ಸಲಕ್ಕೆ ಪೂರ್ತಿ ಬಂತು. ಭಾಯ್ ಅದನ್ನು ಹಲಗೆಗೆ ಬಿಗಿದರು, ನಾನು ಜೆಲ್ ಬಳಿದು ಟವಲ್ಲಿನಿಂದ ಗಾಳಿ ಹಾಕಿದೆ.

"ಬಣ್ಣ ಸ್ವಲ್ಪ ನೆರಳಲ್ಲಿ ಆರ್ಬೇಕು," ಅಂತ ಹೊರಗೆ ಹೇಳಿ ಗುಮಾಸ್ತರು ತಮ್ಮ ಕ್ಯಾನ್ವಾಸಿಗೆ ಬಟ್ಟೆ ಮುಚ್ಚಿಕೊಂಡು ಒಳಗೆ ಬಂದರು. ಅವರು ಅಷ್ಟು ಹೊತ್ತು ಬರೆದದ್ದನ್ನು ನೋಡಿದೆ. ಒಂದು ಕುಂಬಳಕಾಯಿಗೆ ಕುಂಕುಮ ಇಟ್ಟ ಹಾಗಿತ್ತು. ಮಾತಾಡಲು ಸಮಯವಿರಲಿಲ್ಲ. ಅದನ್ನು ಅಕ್ಕಿ ಮೂಟೆಯ ಹಿಂದೆ ತಳ್ಳಿ, ನನ್ನದನ್ನು ಅದೇ ಬಟ್ಟೆಯಲ್ಲಿ ಮುಚ್ಚಿ ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಹಾಲ್ ಕಡೆ ನಡೆದರು.

ಸಂದಿಯಿಂದ ನಾನೂ ನೋಡಿದೆ. ಬಟ್ಟೆ ಸರಿಯಿತು. ಇಡೀ ಹಾಲ್ "ಆಹಾ!" ಅಂದಿತು. ಪುರೋಹಿತರು ಮಂತ್ರ ಬಿಟ್ಟು ಚಪ್ಪಾಳೆ ತಟ್ಟಿದರು. ಬಾಗಿಲ ಹತ್ತಿರ ನಿಂತಿದ್ದ ಹುಡುಗಿಯ ಮುಖ ಹೆಮ್ಮೆಯಿಂದ ಬೆಳಗಿತು.

ಹೆಡ್ ಮಿಸ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಬ್ಯಾಗಿನಿಂದ ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡರು. ಚಿತ್ರದ ಹತ್ತಿರ ಹೋಗಿ ಬಗ್ಗಿ, ಅದರ ಬಲ ಮೂಲೆಯ ಮೇಲೆ ಬೆರಳಿಟ್ಟರು.

"ಬೀಗರೇ, ಇಲ್ಲಿ ನನ್ನ ಹಿಂದೆ ಕಾಫಿ ತಟ್ಟೆ ಹಿಡ್ಕೊಂಡು ನಿಂತಿರೋರು ಯಾರು?"

ಅವಸರದಲ್ಲಿ ಹಿನ್ನೆಲೆಯನ್ನು ಕತ್ತಲು ಮಾಡಿದ್ದೆನೇ ಹೊರತು ಸರಿಯಾಗಿ ನೋಡಿರಲಿಲ್ಲ. ಕಂಬ ಅಂದುಕೊಂಡದ್ದು ಕಂಬವಾಗಿರಲಿಲ್ಲ. ಬೋಳುತಲೆ, ದಪ್ಪ ಮೀಸೆ, ಕೈಯಲ್ಲಿ ತಟ್ಟೆ. ಸಾಕ್ಷಾತ್ ಗುಮಾಸ್ತರು.

"ನನ್ನ ಎದುರಿಗೆ ಕೂತು ಬರೀತಿದ್ದೋರು ನನ್ನ ಹಿಂದೆ ಹೇಗೆ ನಿಂತಿದ್ರಿ?"

ಗುಮಾಸ್ತರು ಹೆಂಡತಿಯ ಕಡೆ ನೋಡಿದರು. ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡಳು. ಆಗ ಗುಮಾಸ್ತರ ಹೆಂಡತಿ ಮುಂದೆ ಬಂದರು.

"ಮದುವೆಯಾದಾಗಿಂದ ಇವರು ಕಾಫಿ ತಟ್ಟೆ ಹಿಡಿದದ್ದು ಇವತ್ತೊಂದೇ ಸಲ ಬೀಗಿತ್ತಿ. ಅದಕ್ಕೇ ನೆನಪಿಗೆ ಇರ್ಲಿ ಅಂತ ಬರ್ಕೊಂಡಿದ್ದಾರೆ."

ಯಾರೋ ಕಿಸಕ್ಕೆಂದರು. ಹೆಡ್ ಮಿಸ್ ನಗಲಿಲ್ಲ. ಸೀದಾ ಸ್ಟೋರ್ ರೂಮಿನ ಕಡೆ ನೋಡಿದರು. "ಒಳಗಿರೋರು ಹೊರಗೆ ಬನ್ನಿ. ನಾನು ಸರ್ವೀಸ್ ಪೂರ್ತಿ ಪ್ರಶ್ನೆಪತ್ರಿಕೆ ಪ್ರಿಂಟ್ ಹಾಕಿಸಿದವಳು. ಪೇಪರ್ ಸಿಕ್ಕಿಹಾಕ್ಕೊಂಡ ಸದ್ದು ನನಗೆ ಗೊತ್ತಿಲ್ವಾ?"

ನಾನು ಹೊರಗೆ ಬಂದೆ, ಮೈಯೆಲ್ಲ ಅಕ್ಕಿ ಮೂಟೆಯ ಧೂಳು. ನನ್ನ ಹಿಂದೆ ಭಾಯ್, ಶರ್ಟಿಲ್ಲದೆ ಬನಿಯನ್ನಿನಲ್ಲಿ. ಗುಮಾಸ್ತರು ಎರಡೂ ಕೈ ಮುಗಿದರು. "ತಪ್ಪು ನಂದು ತಾಯಿ. ನನಗೆ ಒಂದು ಗೆರೆ ಎಳೆಯೋಕೂ ಬರಲ್ಲ. ಸುಮ್ಮನೆ ಹೊಗಳಿಸಿಕೊಳ್ಳೋ ಆಸೆಗೆ ಸುಳ್ಳು ಹೇಳಿದೆ. ನನ್ನ ಮಗಳಿಗೆ ಇದೇನೂ ಗೊತ್ತಿಲ್ಲ. ಅವಳು ಸುಳ್ಳು ಹೇಳೋಳಲ್ಲ. ಶಿಕ್ಷೆ ನನಗೆ ಕೊಡಿ, ಅವಳ ಸಂಬಂಧ ಮುರೀಬೇಡಿ."

ಹೆಡ್ ಮಿಸ್ ಗುಮಾಸ್ತರನ್ನು ನೋಡಿದರು. ಹುಡುಗಿಯನ್ನು ನೋಡಿದರು. ಆಮೇಲೆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಡಬ್ಬಿಗೆ ಹಾಕಿ ಟಪ್ಪೆಂದು ಮುಚ್ಚಿದರು. ಆ ಟಪ್ ಸದ್ದಿಗೆ ಭಾಯ್ ಬೆಚ್ಚಿಬಿದ್ದರು.

"ಬೀಗರೇ, ಕೂತ್ಕೊಳಿ," ಅಂದರು. "ನಾನೂ ಒಂದು ಹೇಳ್ಬೇಕು. ನಮ್ಮ ಹುಡುಗ ದಿನಾ ಬೆಳಿಗ್ಗೆ ಐದು ಗಂಟೆಗೆ ಎದ್ದು ಯೋಗ ಮಾಡ್ತಾನೆ ಅಂತ ನಿಮಗೆ ಹೇಳಿದ್ದೆನಲ್ಲ?"

"ಹೌದು ತಾಯಿ," ಅಂದರು ಗುಮಾಸ್ತರು, ಅರ್ಥವಾಗದೆ.

"ಅವನು ಎಂಟು ಗಂಟೆಗೆ ಮುಂಚೆ ಕಣ್ಣು ಬಿಟ್ಟಿದ್ದು ಒಂದೇ ಸಲ," ಅಂದರು ಹೆಡ್ ಮಿಸ್. "ಹುಟ್ಟಿದ ದಿನ. ಅವತ್ತೂ ಡಾಕ್ಟರು ಹೊಡೆದು ಎಬ್ಬಿಸಿದ್ದು."